ಜಟ್ಟೆಪ್ಪನ ಭೂಕಂಪದ ಗೆರೆ

ಜಟ್ಟೆಪ್ಪ ಮಂಗಳವಾರ ಬೆಳಗಿನ ಜಾವ ಸತ್ತ. ಹೃದಯಾಘಾತ. ಅರವತ್ತೊಂದು ವರ್ಷ. ಕುಣಿ ತೋಡಿದವರಿಗೆ ಮೂರಡಿಗೇ ಬಂಡೆ ಹತ್ತಿತು. ಬ್ಯಾಡಗಿ ಸುತ್ತಮುತ್ತ ಎಲ್ಲಿ ಬಂಡೆ, ಎಲ್ಲಿ ಮಣ್ಣು ಎಂದು ಬಲ್ಲವನು ಅವನೊಬ್ಬನೇ. ಆ ಹೊತ್ತಿಗೆ ಅವನನ್ನು ಕೇಳುವ ಹಾಗಿರಲಿಲ್ಲ.

ಇಪ್ಪತ್ತೈದು ವರ್ಷ ಬೋರ್‌ವೆಲ್ ಲಾರಿಯ ಮೇಲೆ ದುಡಿದವನು. ಕೊರೆಯುವ ರಾಡು ಗಟ್ಟಿ ಕಲ್ಲಿನಲ್ಲಿ ನಿಧಾನಕ್ಕೆ ಇಳಿಯುತ್ತದೆ, ಕಲ್ಲು ಪುಡಿಯಾದ ಕಡೆ ಸರಕ್ಕನೆ ಜಾರುತ್ತದೆ. ಹಾಗೆ ಜಾರಿದ ಜಾಗಗಳನ್ನೆಲ್ಲ ಬರೆದಿಟ್ಟುಕೊಂಡಿದ್ದ. ಭುಜ್ ಭೂಕಂಪವಾದ ವರ್ಷ ಅವಕ್ಕೆಲ್ಲ ತಾಲೂಕು ನಕ್ಷೆಯ ಮೇಲೆ ಕೆಂಪು ಚುಕ್ಕಿ ಇಟ್ಟು ನೋಡಿದರೆ, ಬ್ಯಾಡಗಿಯಿಂದ ದೇವರಗುಡ್ಡದ ಕಡೆಗೆ ಒಂದು ಗೆರೆ. ನೆಲದೊಳಗೆ ಬಿರುಕಿದೆ, ಭೂಕಂಪದ ನಕ್ಷೆಯಲ್ಲಿ ಅದಿಲ್ಲ ಎಂದು ಅವತ್ತಿನಿಂದ ಹಟ ಹಿಡಿದ. ಊರು ಅವನಿಗೆ ಭೂಕಂಪ ಜಟ್ಟೆಪ್ಪ ಎಂದು ಹೆಸರಿಟ್ಟಿತು. ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ ನಬಿಸಾಬ ಚೀಲ ದೊಪ್ಪೆಂದು ಒಗೆದು ಕೂಗುತ್ತಿದ್ದ: “ಜಟ್ಟೆಪ್ಪಣ್ಣಾ, ಬಂತ ನೋಡ ನಿಂದು! ಬರ್ಕೊ!”

“ನಕ್ಷೆದಾಗ ನನ್ನ ಗೆರಿ ಬರ್ಲಿ ಮಗನ, ಆಮ್ಯಾಲ ನಿನ್ನ ಹಲ್ಲು ಎಣಸ್ತೇನಿ!”

ಅವನ ಪರವಾಗಿ ಕಚೇರಿಗಳಿಗೆ ಕಾಗದ ಬರೆಯುವವನು ನಾನು. ಅವನ ಅಕ್ಷರ ನೋಡಿದರೆ ಭೂಕಂಪ ಆಗಲೇ ಆಗಿಹೋದಂತಿತ್ತು. ಆರು ವರ್ಷ ಬರೆದ ಮೇಲೆ, 2007ರಲ್ಲಿ, ನಕ್ಷೆ ತಿದ್ದುವ ಸಂಶೋಧಕರು ಬಂದರು. ಮುಖ್ಯಸ್ಥೆ ನಿರ್ಮಲಾ ಮೇಡಂ ಅವನ ನೋಟ್‌ಬುಕ್ಕನ್ನು ಎರಡು ತಾಸು ನೋಡಿದರು, ಒಮ್ಮೆಯೂ ನಗಲಿಲ್ಲ. ಅವನಿಗೆ ಅಷ್ಟೇ ಸಾಕಾಯಿತು.

“ಕಲ್ಲು ಒಡೆದಿರೋದು ನಿಜ,” ಎಂದರು. “ಆದರೆ ಕೋಟ್ಯಂತರ ವರ್ಷದ ಹಿಂದೆ ಒಡೆದಿರಬಹುದು. ಮೇಲಿನ ಹೊಸ ಮಣ್ಣೂ ಕತ್ತರಿಸಿ ಸರಿದಿದ್ದರೆ ಮಾತ್ರ ಬಿರುಕು ಜೀವಂತ ಅಂತೀವಿ. ಅಗೆದು ನೋಡಬೇಕು.”

“ಶಶಿಕಾಂತನ ಹೊಲದಾಗ ಅಗೀರಿ,” ಎಂದ ಜಟ್ಟೆಪ್ಪ. ಶಶಿಕಾಂತ ನಾನು. ನನ್ನನ್ನು ಕೇಳಲೇ ಇಲ್ಲ. ಎರಡು ಸಾಲು ಮೆಣಸಿನಗಿಡ ಹೋದವು.

ಮೂರನೆಯ ದಿನ ಕಂದಕದ ಗೋಡೆಯಲ್ಲಿ ಅದು ಕಂಡಿತು. ಕೆಂಪು ಮೊರಂ ಗರಸಿನ ಪದರ ಚಾಕುವಿನಲ್ಲಿ ಕೊಯ್ದ ಹಾಗೆ ನಿಂತು, ಪಕ್ಕದಲ್ಲಿ ಕರಿಮಣ್ಣು ಆಳಕ್ಕೆ ಇಳಿದಿತ್ತು. ಮೇಡಂ ಫೋಟೋ ಮೇಲೆ ಫೋಟೋ ತೆಗೆದರು. “ಜಟ್ಟೆಪ್ಪನವರೇ, ಇದು ಖಚಿತವಾದರೆ ನಕ್ಷೆ ಬದಲಾಗುತ್ತೆ. ವರದಿಯಲ್ಲಿ ನಿಮ್ಮ ಹೆಸರೂ ಬರುತ್ತೆ.”

ಅವನು ಕೆಳಗಿಳಿದು ಆ ಗೋಡೆಯನ್ನು ಕೈಯಿಂದ ಸವರಿದ, ಮೂಸಿ ನೋಡಿದ. ಮೇಲೆ ಬಂದು ಬದುವಿನ ಮೇಲೆ ಕೂತು ಒಂದರ ಹಿಂದೊಂದು ಮೂರು ಬೀಡಿ ಸೇದಿದ.

“ಏನಾತೋ?” ಎಂದೆ.

“ಸುಮ್ನಿರು ಶಶ್ಯಾ. ಸುಮ್ನಿದ್ರ ನಕ್ಷೆದಾಗ ಬರ್ತೇನಿ.”

ನಾಲ್ಕನೆಯ ಬೀಡಿ ಹಚ್ಚದೆ ಎದ್ದ.

“ಮೇಡಂ, ಇದು ಭೂಮಿ ಹರದದ್ದಲ್ಲರಿ. ಹಗೇವು ಐತಿ. ಹಿಂದಕ ಜೋಳ ತುಂಬಿಡಾಕ ನೆಲದಾಗ ತೋಡತಿದ್ರಲ್ರಿ, ಆ ಕುಣಿ. ಹುಡುಗಿದ್ದಾಗ ಇಂಥಾವ ಎಷ್ಟ ಇಳದೇನಿ. ಗ್ವಾಡಿಗೆ ಹಚ್ಚಿದ ಹುಲ್ಲಿನ ಗುರ್ತ ಐತಿ ನೋಡ್ರಿ.”

ಪಕ್ಕಕ್ಕೆ ಅಗೆದರು. ಗೋಡೆ ದುಂಡಗೆ ತಿರುಗಿತು. ತಳದಲ್ಲಿ ಒಂದು ಹಿಡಿ ಕಪ್ಪಾದ ಜೋಳ. ಕುಣಿಯ ಆಚೆ ಮೊರಂ ಪದರ ಅದೇ ಮಟ್ಟದಲ್ಲಿ, ಎಲ್ಲೂ ಕಡಿಯದೆ ಮುಂದುವರಿದಿತ್ತು.

“ನೀವು ಹೇಳದಿದ್ದರೆ ತಪ್ಪು ಗೆರೆ ಎಳೀತಿದ್ವಿ,” ಎಂದರು ಮೇಡಂ.

“ಹೇಳದಿದ್ರ ಚೊಲೋ ಇತ್ತರಿ,” ಎಂದ.

ಪೇಟೆಯಲ್ಲಿ ಒಂದು ತಿಂಗಳು ಜೋಳದ್ದೇ ಮಾತು. ನಾನೂ ಗೇಲಿ ಮಾಡುವುದು ಬಿಡಲಿಲ್ಲ. ಈಗ ಅನ್ನಿಸುತ್ತದೆ, ಒಂದು ವಾರಕ್ಕೆ ನಿಲ್ಲಿಸಬಹುದಿತ್ತು.

ಮರುವರ್ಷ, ಅಂದರೆ ಈ ವರ್ಷ, ಹೋದ ಶನಿವಾರ, ಕರಡು ನಕ್ಷೆಯ ಪ್ರತಿ ಬಂತು. ಅವನ ಗೆರೆ ಇತ್ತು, ಆದರೆ ಚುಕ್ಕಿ ಚುಕ್ಕಿಯಾಗಿ. ಪಕ್ಕದಲ್ಲಿ ಮೇಡಂ ಕೈಯಲ್ಲೇ ಬರೆದಿದ್ದರು: ಹಳೆಯ ಬಿರುಕು, ಇತ್ತೀಚೆಗೆ ಸರಿದ ಪುರಾವೆ ಈ ಜಾಗದಲ್ಲಿ ಇಲ್ಲ.

“ಈ ಜಾಗದಾಗ ಇಲ್ಲಂದಾರ,” ಎಂದ ಜಟ್ಟೆಪ್ಪ. “ಬ್ಯಾರೆ ಜಾಗದಾಗ?”

ಸೋಮವಾರ ಸಂಜೆ, ಸಾಯುವ ಹಿಂದಿನ ದಿನ, ನನ್ನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ದೇವರಗುಡ್ಡದ ಈಚೆಗಿನ ಹಳ್ಳಕ್ಕೆ ಹೋದ. ಗೆರೆ ಹಳ್ಳ ದಾಟುವ ಕಡೆ ಟೇಪಿನ ತುದಿ ನನ್ನ ಕೈಗೆ ಕೊಟ್ಟು ಅಳೆದ.

“ಹಳ್ಳದ ದಂಡಿಗೆ ಹಗೇವು ಯಾರೂ ತೋಡೂದಿಲ್ಲ. ಜೋಳ ಕೊಳೀತಾವ. ಮ್ಯಾಲ ಮಣ್ಣೂ ಹೊಸಾದು. ಇಲ್ಲಿ ಅಗೀಲಿ ಅವರು.”

“ಇಲ್ಲೂ ಏನೂ ಸಿಗದಿದ್ರ?”

“ಆವಾಗ ಇಲ್ಲ ಅಂತ ನಾನ ಹೇಳ್ತೇನಿ. ಮೊದ್ಲ ನೋಡೂಣು.”

ಹೆಗಲ ಮೇಲಿನ ಟವೆಲ್ಲಿನ ಅಂಚು ಹರಿದು ಜಾಲಿಯ ಗೂಟಕ್ಕೆ ಕಟ್ಟಿ, ಕಲ್ಲಿನಿಂದ ಬಡಿದ. ಗೂಟ ಅಲುಗಾಡಿಸಿ ನೋಡಿದ. ಸಮಾಧಾನವಾಗಲಿಲ್ಲ, ಇನ್ನೊಂದು ಏಟು ಹಾಕಿದ.