ಪಾಯಿಂಟಿಗೆ ಹಚ್ಚಿದ ವಿಭೂತಿ

ನಾನು ಆಯುಧಪೂಜೆಗೆ ಕೈಮುಗಿಯಲಿಲ್ಲ, ಅದಕ್ಕೇ ಮಾವನ ಕಾರು ಮುನಿಸಿಕೊಂಡಿತು ಎಂದು ಹೊಳೆನರಸೀಪುರದ ನಮ್ಮ ನೆಂಟರು ಇವತ್ತಿಗೂ ಹೇಳುತ್ತಾರೆ. ತಪ್ಪು ನನ್ನದಾದರೆ ದೇವರು ನನ್ನ ಸೈಕಲ್ಲನ್ನು ಬಿಟ್ಟು ಮಾವನ ಕಾರನ್ನೇಕೆ ಹಿಡಿದ?

ಅದು ಇಂಗ್ಲೆಂಡಿಗೆ ಮರಳುತ್ತಿದ್ದ ಬಿಳಿ ದೊರೆಯೊಬ್ಬನಿಂದ ಮಾವ ಕೊಂಡಿದ್ದ ಎರಡು ಸೀಟಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಅದಕ್ಕೆ ಗಾಳಿ, ಪೆಟ್ರೋಲು ಬೆರೆಸುವ ಕಾರ್ಬುರೇಟರು ಎರಡು. ರಬ್ಬರ್ ನಳಿಗೆಯನ್ನು ಕಿವಿಗಿಟ್ಟುಕೊಂಡು, ಎರಡರ ಉಸಿರೂ ಸಮವಾಗುವವರೆಗೆ ತಿರುಪು ತಿರುಗಿಸುವುದು ಕಾಲೇಜು ರಜೆಯಲ್ಲಿ ನನ್ನ ಕೆಲಸ, ನನ್ನ ಸುಖ. ಹಬ್ಬಕ್ಕೆ ಮುಂಚೆಯೂ ಮಾಡಿಟ್ಟಿದ್ದೆ.

ವಿಜಯದಶಮಿಯಂದು ಮಾವ ಜರಿಪೇಟ ಸುತ್ತಿಕೊಂಡು ಅರಕಲಗೂಡಿಗೆ ಹೊರಟರೆ ಕಾರು ಕೆಮ್ಮಲೂ ಇಲ್ಲ.

"ಬಿಚ್ಬ್ಯಾಡ ಅಂದ್ರೂ ಬಿಚ್ದೆ ಕಣ್ಲಾ! ಇನ್ಮ್ಯಾಕೆ ನೀನು ಈ ಕಾರು ಮುಟ್ಟಂಗಿಲ್ಲ," ಎಂದು, ರಜೆಯಲ್ಲಿ ನನ್ನ ಬಳಿಯೇ ಇರುತ್ತಿದ್ದ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ನಾನು ಮಾತು ಕೇಳದೆ, ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ. ಕಿಡಿಗೆ ಕಾರಣವಾಗುವ ಪುಟ್ಟ ಪಾಯಿಂಟುಗಳ ಸಂದಿಯಲ್ಲಿ ವಿಭೂತಿ ಮೆತ್ತಿತ್ತು, ಮೇಲೊಂದು ಕುಂಕುಮದ ಬೊಟ್ಟು! ನಡುವೆ ಬೂದಿ ಕೂತರೆ ಕಿಡಿ ಹಾರುವುದೆಲ್ಲಿಂದ?

"ಇದ್ಯಾರು ಮಾವ ಹಚ್ಚಿದ್ದು?"

"ನಾನೇ ಕಣ್ಲಾ. ಎಂಜಿನ್ ಜೀವ ಅಲ್ಲೈತೆ ಅಂತ ನೀನೇ ಅಲ್ವೇನ್ಲಾ ಯೋಳಿದ್ದು?"

ಪಂಚೆಯ ಚುಂಗಿನಿಂದ ಒರೆಸಿ ಮುಚ್ಚಳ ಹಾಕಿದೆ. ಮಾವ ಬೀಗದಕೈ ತಿರುಗಿಸಿದ್ದೇ ತಡ, ಎಂಜಿನ್ ಗುಡುಗಿತು.

"ನೋಡ್ದಾ ಪೂಜೆ ಬಲಾನ?" ಎಂದು ಮಾವ ನೆಂಟರತ್ತ ತಿರುಗಿ ನಕ್ಕರು. ನೆಂಟರೂ ನಕ್ಕರು. ಬೀಗದಕೈ ಮಾತ್ರ ನನಗೆ ಮರಳಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಹೊರಟ ಕಾರಿನ ಬಾಗಿಲು ಹಿಡಿದು ಕೇಳಿಯೇಬಿಟ್ಟೆ:

"ಮಾವ, ದಿನಾ ಇಬೂತೀನ ಅಣೆಗಿಟ್ಕತ್ತೀರಲ್ಲ, ಕಣ್ಣೊಳಕ್ಕ್ ಯಾಕೆ ಇಟ್ಕಳಕಿಲ್ಲ?"