ಹೂವಿನ ಕೆಂಪು, ಹಣ್ಣಿನ ಕೆಂಪು

ಬೆಳಗಿನ ಐದೂವರೆ. ತರ್ರಾಸು ಗುಡ್ಡದ ಕಾಫಿ ಗಿಡಗಳ ನಡುವೆ ಎಲಿಡಾ ಉಮಾನ್ಯಾ ಮಂಡಿಯೂರಿ ಕೂತಿದ್ದಾರೆ. ಹಣ್ಣು ಚಿವುಟುತ್ತಾರೆ, ನಾಲಿಗೆಗಿಟ್ಟು ನೋಡುತ್ತಾರೆ, ಉಗುಳುತ್ತಾರೆ. ಡ್ರೋನ್ ಚಿತ್ರಗಳಿಂದ ಮಾಡಿದ ನಕ್ಷೆ ಮೊಬೈಲಿನಲ್ಲಿದೆ. ಅದರಲ್ಲಿ ತೋಬಿಯಾಸ್ ಮುದುಕನ ಈ ತೋಟ ಕಡುಗೆಂಪು, ಅಂದರೆ ಕೊಯ್ಲಿಗೆ ಸಿದ್ಧ. ಏಳಕ್ಕೆ ಕೊಯ್ಲಿನವರ ಲಾರಿ ಬರುತ್ತದೆ. ಹಸಿರುಕಾಯಿ ಹೆಚ್ಚಾದರೆ ಸಹಕಾರ ಸಂಘದ ಗಿರಣಿ ಇಡೀ ಲೋಡನ್ನು ವಾಪಸ್ ಕಳಿಸುತ್ತದೆ. ಮುದುಕನ ವರ್ಷದ ದುಡಿಮೆ ಮಣ್ಣುಪಾಲು.

ಡ್ರೋನ್ ಹಾರಿಸುವವರ ಫೋಟೊ ಸಂಘದ ಗೋಡೆಯ ಮೇಲಿದೆ. ನಕ್ಷೆ ಹೇಳಿದ್ದು ನಿಜವೇ ಎಂದು ಗುಡ್ಡ ಹತ್ತಿ ನೋಡುವ ಎಲಿಡಾ ಅವರದ್ದಿಲ್ಲ. ಅವರ ಕೆಲಸ ನೋಡಲು ಜೊತೆಗೆ ಬಂದ ನನಗಂತೂ ಇದು ಅನ್ಯಾಯ ಅನಿಸುತ್ತದೆ. ಎಲಿಡಾ ಮೂವತ್ತು ವರ್ಷ ಸೊಂಟಕ್ಕೆ ಬುಟ್ಟಿ ಕಟ್ಟಿ ಕಾಫಿ ಕೊಯ್ದವರು, ಸೊಂಟ ಸೋತ ಮೇಲೆ ಈ ಕೆಲಸಕ್ಕೆ ಬಂದವರು. ದಿನಕ್ಕೆ ಇಪ್ಪತ್ತು ಗಿಡ, ಗಿಡಕ್ಕೆ ನೂರು ಹಣ್ಣಿನ ಲೆಕ್ಕ.

"ಮೊದಲನೇ ವರ್ಷ ನಕ್ಷೆ ನಂಬ್ಕೊಂಡು ಅಣ್ಣನ ತೋಟಕ್ಕೆ ಹೋಗ್ಲೇ ಇಲ್ಲ. ಅವನ ಲೋಡ್ ವಾಪಸ್ ಬಂತು. ಅವತ್ತಿಂದ ನನ್ ಜೊತೆ ಮಾತಿಲ್ಲ. ಕ್ರಿಸ್‌ಮಸ್ಸಿಗೂ ಇಲ್ಲ," ಎನ್ನುತ್ತಾರೆ, ಕೈ ನಿಲ್ಲಿಸದೆ.

ಎಣಿಕೆ ಮುಗಿಯುತ್ತದೆ. "ನೂರಕ್ಕೆ ಮೂವತ್ತೊಂದೇ ಹಣ್ಣು! ಮತ್ತೆ ನಕ್ಷೇಲಿ ಈ ಕೆಂಪು ಎಲ್ಲಿಂದ ಬಂತು?"

ತಲೆಯೆತ್ತಿದರೆ ನೆರಳಿನ ಪೊರೋ ಮರಗಳು ಮೈತುಂಬಾ ಕೆಂಪು ಹೂ ಬಿಟ್ಟಿವೆ. ಕಾಫಿ ಗಿಡಗಳ ಮೇಲೂ ಅವೇ ಹೂಗಳು ಉದುರಿವೆ. ಊರವರೆಲ್ಲ ಕೊಯ್ಲಿಗೆ ಮುಂಚೆ ಪೊರೋ ಕೊಂಬೆ ಸವರುತ್ತಾರೆ, ತೋಬಿಯಾಸ್ ಒಬ್ಬನನ್ನು ಬಿಟ್ಟು. ಅಷ್ಟರಲ್ಲಿ ಅವನೇ ಬಿಸಿ ಬೆಲ್ಲದ ನೀರು ಹಿಡಿದು ಬರುತ್ತಾನೆ.

"ಯಾಕಪ್ಪಾ ಸವರ್ಲಿಲ್ಲ?"

"ಹೂವಿಗೆ ಹಕ್ಕಿ ಬರ್ತಾವಮ್ಮ. ನಿಮ್ ಡ್ರೋನ್‌ಗೆ ಕಣ್ ಕಾಣ್ದಿದ್ರೆ ನನ್ ಮರ ಯಾಕೆ ಕಡೀಲಿ?"

ಎಲಿಡಾ ನಗುತ್ತಲೇ ಲಾರಿಯವನಿಗೆ ಫೋನ್ ಮಾಡುತ್ತಾರೆ. "ಇಲ್ಲಿಗೆ ಬರ್ಬೇಡ, ಕೆಳಗಿನ ತೋಟಕ್ಕೆ ಹೋಗು. ನಕ್ಷೆ ಏನಾದ್ರೂ ಹೇಳ್ಕೊಳ್ಲಿ, ನಾನ್ ಹೇಳ್ತಿದೀನಿ!" ಆಮೇಲೆ ಬಿಸಿಲೇರುವವರೆಗೆ ತೋಟವೆಲ್ಲ ಸುತ್ತಿ ಐವತ್ತೆಂಟು ಪೊರೋ ಮರಗಳನ್ನು ನಕ್ಷೆಯಲ್ಲಿ ಗುರುತು ಮಾಡುತ್ತಾರೆ.

ಮೂರು ವಾರದ ಮೇಲೆ ನಾನು ಮತ್ತೆ ಅಲ್ಲಿದ್ದೇನೆ. ಹೊಸ ನಕ್ಷೆ ಪೊರೋ ಮರಗಳನ್ನು ಬೂದು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುತ್ತದೆ. ನೂರಕ್ಕೆ ತೊಂಬತ್ತು ಹಣ್ಣು ಎನ್ನುತ್ತದೆ ಅದು, ತೊಂಬತ್ತೆರಡು ಎನ್ನುತ್ತಾರೆ ಎಲಿಡಾ. ಸಂಜೆ ತೋಬಿಯಾಸ್‌ನ ಲೋಡನ್ನು ಗಿರಣಿ ತಕರಾರಿಲ್ಲದೆ ಇಳಿಸಿಕೊಳ್ಳುತ್ತದೆ.

ಗೋಡೆಯ ಮೇಲೆ ನಿಮ್ಮ ಫೋಟೊ ಬೇಡವೇ ಎಂದು ಕೇಳುತ್ತೇನೆ.

"ಫೋಟೊ ಯಾರಿಗೆ ಬೇಕು ಬಿಡಿ. ನಿನ್ನೆ ಅಣ್ಣ ಫೋನ್ ಮಾಡಿದ್ದ. 'ಬಂದು ಚಿವುಟಿ ನೋಡೇ, ನೀನು ಹೂಂ ಅಂದ್ಮೇಲೇ ಕೊಯ್ಯೋದು' ಅಂದ. ನಾಳೆ ಮೊದಲು ಅಲ್ಲಿಗೇ."