ಶಾಂತ ಎಂಬ ಒಂದು ಮಾತು

ನಮ್ಮ ಮನೆ ಇರುವುದು ಕಾಶಿಯಲ್ಲಿ, ಕೇದಾರಘಾಟಿಗೆ ಇಳಿಯುವ ಗಲ್ಲಿಯಲ್ಲಿ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡದಾನ ಮಾಡಿಸುವುದು ತಾತನ ಕಾಲದಿಂದ ನಡೆದುಬಂದ ಕೆಲಸ. ಅಪ್ಪ ಅದರಲ್ಲೇ ಮುದುಕರಾದರು. ನಾನು ಒಬ್ಬಳೇ ಮಗಳು. ಪೌರೋಹಿತ್ಯ ನನ್ನ ಪಾಲಿಗೆ ಬರುವಂತಿರಲಿಲ್ಲ, ಇದೇ ಊರಿನ ಲಂಕಾ ಬಡಾವಣೆಯ ಹತ್ತಿರದ ಶಾಲೆಯೊಂದರಲ್ಲಿ ಹಿಂದಿ ಟೀಚರಾದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ಎರಡರಲ್ಲೂ ನನ್ನ ನಾಲಿಗೆ ಸ್ವಲ್ಪ ಉದ್ದವೇ ಎಂದು ಅಮ್ಮ ಗೊಣಗುತ್ತಿದ್ದಳು.

ಶ್ರಾದ್ಧದಲ್ಲಿ ಒಂದು ಘಟ್ಟ ಬರುತ್ತದೆ. ಸತ್ತವರ ಸ್ಥಾನದಲ್ಲಿ ಕೂತ ಬ್ರಾಹ್ಮಣರ ಊಟ ಮುಗಿದ ಮೇಲೆ, ಕರ್ಮ ಮಾಡುವವನು ಅವರನ್ನು ಸಂಸ್ಕೃತದಲ್ಲಿ ಕೇಳಬೇಕು: "ತೃಪ್ತಾಃ ಸ್ಥ?" ಹೊಟ್ಟೆ ತುಂಬಿತೇ, ತೃಪ್ತರಾದಿರೇ ಎಂದು. ಅವರು "ತೃಪ್ತಾಃ ಸ್ಮಃ" ಎನ್ನಬೇಕು. ತೃಪ್ತರಾದೆವು. ಬೇರೆ ಉತ್ತರ ಅಲ್ಲಿ ಇಲ್ಲವೇ ಇಲ್ಲ. ಅನ್ನ ಸೀದಿದ್ದರೂ, ವಡೆ ಕಲ್ಲಾಗಿದ್ದರೂ ಉತ್ತರ ಅದೇ.

ಚಿಕ್ಕಂದಿನಿಂದ ಅಡುಗೆಮನೆ ಬಾಗಿಲಲ್ಲಿ ನಿಂತು ನಾನು ಈ ಘಟ್ಟವನ್ನು ನೋಡಿದ್ದೇನೆ. ಕೇಳುವವರು ಉತ್ತರಕ್ಕಿಂತ ಮೊದಲು ಬ್ರಾಹ್ಮಣರ ಮುಖ ನೋಡುತ್ತಾರೆ, ನಿಜ ಹೇಳುತ್ತಾರೋ ಇಲ್ಲವೋ ಎಂಬಂತೆ. ಒಮ್ಮೆ ಹುಬ್ಬಳ್ಳಿ ಕಡೆಯ ಹೆಂಗಸೊಬ್ಬರು ಮಗನ ಜೊತೆ ಬಂದಿದ್ದರು. ಗಂಡ ಹೋದಾಗಿನಿಂದ ಎದೆ ಹೊಡೆದುಕೊಳ್ಳುವುದು ನಿಂತಿರಲಿಲ್ಲವಂತೆ. "ಎಲ್ಲಾ ಟೆಸ್ಟ್ ನಾರ್ಮಲ್ ಬಂದಾವ್ರೀ, ಆದ್ರ ಎದಿ ಡವಡವ ಅನ್ನೋದು ನಿಲ್ಲವಲ್ದು" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದರು. ಮಗ ಕೇಳಿದ, ಬ್ರಾಹ್ಮಣರು ಉತ್ತರ ಕೊಟ್ಟರು. ಆಕೆ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ಆಮೇಲೆ ಎಲೆಯ ಮುಂದೆ ಕೂತು, ಪಾಯಸವನ್ನು ಕೇಳಿ ಹಾಕಿಸಿಕೊಂಡು ಉಂಡರು.

"ಅಪ್ಪ, ನಿಮ್ಮದು ಒಳ್ಳೇ ಸಕ್ಕರೆ ಗುಳಿಗೆ" ಎಂದು ಅವತ್ತು ನಾನು ಅಪ್ಪನನ್ನು ಛೇಡಿಸಿದೆ.

"ಗುಳಿಗೆ ಕೊಡೋನು ನಗಬಾರದು ಮಗು" ಎಂದರು ಅಪ್ಪ. "ನಕ್ಕರೆ ಅದು ನಾಟೋದಿಲ್ಲ."

ಅಮ್ಮ ಹೋದದ್ದು ಬೇಸಿಗೆಯಲ್ಲಿ. ಅವತ್ತು ಸೋಮವಾರ, ಉಪವಾಸ. ಸಂಜೆ ಫಲಾಹಾರಕ್ಕೆಂದು ಹಣ್ಣು ತರಲು ಹೋದವಳು ಸೋನಾರ್‌ಪುರದ ಹಣ್ಣಿನ ಸಂತೆಯಲ್ಲಿ ಕುಸಿದು ಬಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಅವಳ ಚೀಲದಲ್ಲಿ ಪಪ್ಪಾಯಿ ಇತ್ತು. ನಾನು ಅತ್ತೆ, ಕಿರುಚಿದೆ, ಹಣ್ಣಿನವನ ಮೇಲೂ ರೇಗಾಡಿದೆ. ಅಪ್ಪ ಹೇಳಿದ್ದು ಒಂದೇ ಮಾತು: "ಹಸಿದು ಹೋದಳು."

ಗಂಡುಮಕ್ಕಳಿಲ್ಲವಾದ್ದರಿಂದ ಅಪ್ಪನೇ ಕರ್ಮಕ್ಕೆ ಕೂತರು. ಹನ್ನೆರಡನೆಯ ದಿನ, ಬ್ರಾಹ್ಮಣರ ಊಟವಾದ ಮೇಲೆ, ಜೀವನವಿಡೀ ಬೇರೆಯವರಿಗೆ ಹೇಳಿಕೊಟ್ಟ ಪ್ರಶ್ನೆಯನ್ನು ತಾವೇ ಕೇಳಬೇಕಾಯಿತು. ಕೇಳಿದರು. ಎದುರು ಕೂತಿದ್ದವರು ಅಪ್ಪನ ಜೊತೆಗಾರ ಭಟ್ಟರು. ಇಬ್ಬರೂ ಒಟ್ಟಿಗೆ ಎಷ್ಟು ಮನೆಯ ಶ್ರಾದ್ಧ ಮಾಡಿಸಿದ್ದರೋ ಲೆಕ್ಕವಿಲ್ಲ. "ತೃಪ್ತಾಃ ಸ್ಮಃ" ಎಂದರು ಭಟ್ಟರು. ಅಪ್ಪ ಅವರ ಮುಖವನ್ನೇ ನೋಡಿದರು. ಬೆವರಿಳಿಯಿತು. ದರ್ಭೆಯುಂಗುರದ ಕೈಯಿಂದ ಎದೆ ಒತ್ತಿಕೊಂಡು ಅಲ್ಲೇ ಒರಗಿದರು.

ಲಂಕಾದ ಕಡೆಯ ಆಸ್ಪತ್ರೆಗೆ ಒಯ್ದೆವು. ಎಲ್ಲರೂ ಹಾರ್ಟ್ ಅಟ್ಯಾಕ್ ಎಂದುಕೊಂಡಿದ್ದೆವು. ಕೈಯ ನರದಿಂದ ತಂತಿ ಬಿಟ್ಟು ನೋಡಿದರೆ ರಕ್ತನಾಳಗಳೆಲ್ಲ ಸ್ವಚ್ಛ. ವಯಸ್ಸಿನಲ್ಲಿ ಚಿಕ್ಕವಳಾದ ಡಾಕ್ಟರಮ್ಮ ನನ್ನನ್ನು ಕಂಪ್ಯೂಟರಿನ ಮುಂದೆ ಕರೆದು ತೋರಿಸಿದಳು. ಹೃದಯದ ಕೆಳತುದಿ ಕುಗ್ಗದೆ, ಉಬ್ಬಿದ ಹಾಗೇ ನಿಂತುಬಿಟ್ಟಿತ್ತು. ಭಾರಿ ದುಃಖಕ್ಕೆ, ಗಾಬರಿಗೆ ಹೀಗಾಗುತ್ತದೆ, ಹೆಂಗಸರಲ್ಲಿ ಹೆಚ್ಚು, ಗಂಡಸರಲ್ಲೂ ಉಂಟು, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತದೆ ಎಂದಳು. ಆಮೇಲೆ ಅಪ್ಪನ ಮಂಚದ ಹತ್ತಿರ ಹೋಗಿ, ಅವರ ಭುಜ ತಟ್ಟಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ಚಿಂತಾ ಮತ್ ಕೀಜಿಯೇ ಬಾಬೂಜಿ. ಕುಛ್ ದಿನೋಂ ಮೇಂ ಸಬ್ ಶಾಂತ್ ಹೋ ಜಾಯೇಗಾ."

ಕೆಲವು ದಿನಗಳಲ್ಲಿ ಎಲ್ಲಾ ಶಾಂತವಾಗುತ್ತದೆ. ನನ್ನ ಕಿವಿಗೆ ಅದರಲ್ಲಿ ಯಾವ ಮುಳ್ಳೂ ತಾಕಲಿಲ್ಲ. ಆದರೆ ಈ ಊರಿನಲ್ಲಿ ಸತ್ತವರನ್ನು ಸತ್ತರು ಎನ್ನುವುದಿಲ್ಲ, "ಶಾಂತ್ ಹೋ ಗಯೇ" ಎನ್ನುತ್ತಾರೆ. ದೋಣಿಯವರು, ಹೂವಿನವರು, ಕಟ್ಟಿಗೆಯವರು ಆ ಮಾತು ಆಡುವುದನ್ನು ಅಪ್ಪ ಘಾಟಿನಲ್ಲಿ ದಿನಾ ಕೇಳಿದವರು. ಆ ಹೊತ್ತಿಗೆ ಅದು ನನಗೆ ಹೊಳೆಯಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ದಿನೇ ದಿನೇ ಇಳಿಯುತ್ತ ಹೋದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮಾತ್ರೆ ತಪ್ಪದೆ ನುಂಗುತ್ತಿದ್ದರು, ಊಟ ಮಾತ್ರ ಹಕ್ಕಿಗೆ ಹಾಕಿದಷ್ಟು. ಒಂದು ಮಧ್ಯಾಹ್ನ ಭಟ್ಟರು ನಮ್ಮ ಅಪ್ಪನ ತಾಮ್ರದ ಪಂಚಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಇದನ್ನ ನಿಮ್ಮಪ್ಪ ನನಗೆ ಕೊಟ್ಬಿಟ್ಟರು ಕಣಮ್ಮ. ‘ಇನ್ನು ನೀನೇ ಇಟ್ಕೋ, ಡಾಕ್ಟರಮ್ಮನೇ ಬಾಯಿಬಿಟ್ಟು ಹೇಳಿದಾಳೆ, ಸ್ವಲ್ಪ ದಿನದಲ್ಲಿ ಶಾಂತ್ ಅಂತ’ ಅಂದರು."

ನನಗೆ ನಗು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ಮಕ್ಕಳ ಹಿಂದಿ ತಿದ್ದಿ ತಿದ್ದಿ ಹೊಟ್ಟೆ ಹೊರೆಯುವವಳ ಮನೆಯಲ್ಲೇ ಇಂಥ ತಪ್ಪು! ಅವತ್ತು ಸಂಜೆಯೇ ಅಪ್ಪನ ಮುಂದೆ ಕೂತು ಕನ್ನಡದಲ್ಲಿ ಬಿಡಿಸಿ ಹೇಳಿದೆ. ನೋವು ಶಾಂತವಾಗುತ್ತೆ ಅಂತ ಹೇಳಿದ್ದು, ನೀವಲ್ಲ. ಅಪ್ಪ ಹ್ಞೂಂಗುಟ್ಟಿದರು. ಮರುದಿನವೂ ಏದುಸಿರು ಹಾಗೇ ಇತ್ತು.

ಮತ್ತೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ನಡೆದದ್ದನ್ನು ಕೇಳಿ ಪಾಪ ಆಕೆಯ ಮುಖವೇ ಬಾಡಿತು. ಅಪ್ಪನ ಕೈ ಹಿಡಿದುಕೊಂಡು, "ದರ್ದ್ ಶಾಂತ್ ಹೋಗಾ ಬಾಬೂಜಿ, ಆಪ್ ಥೋಡೇ ಹೀ" ಎಂದಳು, ಶಾಂತವಾಗುವುದು ನೋವು, ನೀವಲ್ಲವಲ್ಲ ಎಂದು. ಎಕೋ ಮಾಡಿ ನೋಡಿದಳು. ಹೃದಯ ಪೂರ್ತಿ ಸರಿಹೋಗಿತ್ತು. ಮಿಡಿತ ಚೆನ್ನಾಗಿದೆ, ಉಬ್ಬು ಇಳಿದಿದೆ. ಪರದೆಯನ್ನು ಅಪ್ಪನ ಕಡೆಗೇ ತಿರುಗಿಸಿ ತೋರಿಸಿದಳು.

"ಹಾಗಾದರೆ ಈ ಏದುಸಿರು ನಾಟಕವಾ?" ಎಂದು ಹೊರಗೆ ಬಂದು ನಾನು ಕೇಳಿದೆ. ನನ್ನ ಸಿಟ್ಟು ಇಳಿದಿರಲಿಲ್ಲ.

ಅಲ್ಲ ಎಂದಳು ಆಕೆ. ಔಷಧಿಯೇ ಇಲ್ಲದ ಗುಳಿಗೆ ಕೊಟ್ಟು ಇದು ಒಳ್ಳೆಯದು ಅಂದರೆ ಎಷ್ಟೋ ಜನರಿಗೆ ನಿಜವಾಗಿ ನೋವು ಕಡಿಮೆಯಾಗುತ್ತದಂತೆ. ಹಾಗೆಯೇ ಕೆಟ್ಟದಾಗುತ್ತೆ ಎಂದು ನಂಬಿಕೊಂಡರೆ ನಿಜವಾಗಿ ಸುಸ್ತಾಗುತ್ತದೆ, ಉಸಿರು ಕಟ್ಟುತ್ತದೆ. ದುಃಖದಿಂದ ಒಮ್ಮೆ ಪೆಟ್ಟು ತಿಂದ ಹೃದಯ ಇದ್ದವರು ತಮ್ಮ ಎದೆಯ ಸದ್ದನ್ನೇ ಕೇಳುತ್ತ ಕೂತಿರುತ್ತಾರೆ, ಅಂಥವರ ಎದುರು ಬಾಯಿತಪ್ಪಿ ಆಡಿದ ಮಾತೂ ಸಾಕು. "ಅವರಿಗೆ ನಾಟಕ ಅಂತ ಮಾತ್ರ ಹೇಳಬೇಡಿ" ಎಂದಳು ಹಿಂದಿಯಲ್ಲಿ. ಆಕೆಯ ಕಣ್ಣಲ್ಲಿ ನೀರಿತ್ತು.

ಇ-ರಿಕ್ಷಾ ಹತ್ತಿ ಮನೆಗೆ ಹೊರಟೆವು. ಅಸ್ಸಿ ಚೌಕ ದಾಟಿದ ಮೇಲೆ, "ಸರಿಹೋಯ್ತಂತೆ" ಎಂದರು ಅಪ್ಪ, ಯಾರದೋ ಮೇಲಿನ ದೂರು ಹೇಳುವವರ ಹಾಗೆ. ಮನೆಗೆ ಬಂದು ಅನ್ನ ಸಾರು ಬಡಿಸಿದೆ. ಎರಡು ತುತ್ತು ಉಂಡು ಕೈ ತೊಳೆಯಲು ಎದ್ದರು. ನನ್ನ ತಾಳ್ಮೆ ಕೆಟ್ಟಿತು.

"ಇನ್ನೇನು ಅಪ್ಪ ನಿಮಗೆ? ಅರ್ಥ ಹೇಳಿದ್ದಾಯ್ತು, ಮೆಷಿನ್ನಲ್ಲಿ ತೋರಿಸಿದ್ದಾಯ್ತು. ತಪ್ಪು ಕೇಳಿಸಿಕೊಂಡಿರಿ, ಅಷ್ಟೇ. ಯಾಕೆ ಅದನ್ನೇ ಹಿಡ್ಕೊಂಡು ಕೂತಿದ್ದೀರಿ?"

ಅಪ್ಪ ನಿಂತಲ್ಲೇ ನಿಂತರು. "ತಪ್ಪು ಕೇಳಿಸ್ಕೊಳ್ಳಲಿಲ್ಲ ಮಗು. ಹುಟ್ಟಿದ್ದು ಇಲ್ಲೇ, ಹಿಂದಿ ನನಗೂ ಬರುತ್ತೆ. ಆ ಹುಡುಗಿ ಹೇಳಿದ್ದರ ಅರ್ಥ ಅವತ್ತೇ ಗೊತ್ತಾಯ್ತು. ಇನ್ನೊಂದು ಅರ್ಥಾನೂ ಗೊತ್ತಿತ್ತು. ನನಗೆ ಬೇಕಾದ್ದನ್ನ ಇಟ್ಕೊಂಡೆ."

 ಅಪ್ಪ ಮುಂದುವರಿಸಿದರು. "ನಲವತ್ತು ಚಿಲ್ಲರೆ ವರ್ಷ ಜೊತೆಗಿದ್ದವಳು ಹಸಿದು ಹೋದಳು. ಈ ಎದೆ ನೋಡಿದರೆ ಎರಡು ತಿಂಗಳಿಗೆ ಏನೂ ಆಗಿಲ್ಲ ಅನ್ನೋ ಹಾಗೆ ಹೊಡ್ಕೋತಾ ಇದೆ. ನಾಚಿಕೆ ಆಗುತ್ತೆ ಕಣೇ."

"ನಾನೊಬ್ಬಳು ಇದ್ದೀನಲ್ಲ ಅಪ್ಪ" ಎಂದೆ. ಜೋರಾಗಿಯೇ ಎಂದೆ. ಆಮೇಲೆ ಅಳು ಬಂತು.

ಅಪ್ಪ ತಿರುಗಿ ಬಂದು ಎಲೆಯ ಮುಂದೆ ಕೂತರು. ಮಜ್ಜಿಗೆ ಹಾಕು ಎಂದರು. ನನಗೋಸ್ಕರ ಉಂಡರು. ಅಲ್ಲಿಂದ ಮುಂದೆ ದಿನಾ ಹಾಗೇ, ನಾನು ನೋಡುತ್ತಿದ್ದರೆ ಉಣ್ಣುವುದು, ನಾನು ಶಾಲೆಗೆ ಹೋದರೆ ತಟ್ಟೆ ಮುಚ್ಚಿಟ್ಟು ಮಲಗುವುದು. ಮಳೆಗಾಲ ಕಳೆಯಿತು. ಗಂಗೆ ಮೆಟ್ಟಿಲ ಮೇಲೆ ಬಿಟ್ಟುಹೋದ ಕೆಸರನ್ನು ಘಾಟಿನವರು ತೊಳೆದರು. ಭಟ್ಟರು ಯಾತ್ರಿಕರನ್ನು ಕಳಿಸುತ್ತೇನೆ ಎಂದಾಗಲೆಲ್ಲ ಅಪ್ಪ ಕೈಮುಗಿದು ಬೇಡವೆಂದರು. ತೃಪ್ತರಾದೆವು ಎಂಬ ಆ ಉತ್ತರವನ್ನು ಇನ್ನು ಯಾರ ಬಾಯಲ್ಲೂ ಹೇಳಿಸಲಾರೆ ಎಂದರಂತೆ.

ಮಾಘದ ಚಳಿಯಲ್ಲಿ ಶೀತವಾಯಿತು, ಕಫ ಎದೆಗಿಳಿಯಿತು. ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ. ಈ ಸಲ ಆಕೆ ಒಂದೊಂದು ಶಬ್ದವನ್ನೂ ತೂಗಿ ತೂಗಿ ಆಡಿದಳು. ಯಾವ ಔಷಧಿಯೂ ಫಲಿಸಲಿಲ್ಲ. ಶ್ವಾಸಕೋಶ ಕೈಕೊಟ್ಟಿತು, ಹೃದಯ ಮಾತ್ರ ಕೊನೆಯವರೆಗೂ ಚೆನ್ನಾಗಿ ಕೆಲಸ ಮಾಡಿತಂತೆ. ಅದನ್ನು ಕೇಳಿದ್ದರೆ ಅಪ್ಪನಿಗೆ ಇನ್ನೂ ನಾಚಿಕೆಯಾಗುತ್ತಿತ್ತು.

ಗಲ್ಲಿಯ ಹಾಲಿನವನು ಕ್ಯಾನು ಕೆಳಗಿಟ್ಟು ತಲೆ ತಗ್ಗಿಸಿದ. "ಬಾಬೂಜಿ ಶಾಂತ್ ಹೋ ಗಯಿಲನ್?" ಎಂದು ಕೇಳಿದ. ಹ್ಞಾಂ ಎಂದೆ. ಆ ಮಾತಿಗೆ ಈಗ ಒಂದೇ ಅರ್ಥ ಉಳಿದಿತ್ತು.

ಮೈಸೂರಿನಿಂದ ಚಿಕ್ಕಪ್ಪನ ಮಗ ಬಂದು ಕರ್ಮ ಮಾಡಿದ. ಅವನಿಗೆ ಮಂತ್ರ ಬಾರದು, ಭಟ್ಟರು ಒಂದೊಂದಾಗಿ ಹೇಳಿಕೊಟ್ಟರು, ಅಪ್ಪನ ಸ್ಥಾನದಲ್ಲಿ ಊಟಕ್ಕೂ ಅವರೇ ಕೂತರು. ಹನ್ನೆರಡನೆಯ ದಿನ ಅಡುಗೆ ಮಾಡಿದ್ದು ನಾನೇ. ಉದ್ದಿನ ವಡೆ ಗಟ್ಟಿಯಾಗಿತ್ತು, ಪಾಯಸಕ್ಕೆ ಬೆಲ್ಲ ಸಾಲದಾಗಿತ್ತು. ಎಂದಿನಂತೆ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಈ ಮಾತು ಎಲ್ಲಿ ತಯಾರಾಗುತ್ತದೆ, ಯಾರು ಹೇಳಿಸುತ್ತಾರೆ, ಬೇರೆ ಉತ್ತರ ಯಾಕೆ ಬರುವುದಿಲ್ಲ, ಎಲ್ಲಾ ಬಲ್ಲವಳು ನಾನು.

ಚಿಕ್ಕಪ್ಪನ ಮಗ ತೊದಲುತ್ತ ಕೇಳಿದ: "ತೃಪ್ತಾಃ ಸ್ಥ?"

ನಾನು ಭಟ್ಟರ ಮುಖ ನೋಡಿದೆ. ಅವರು ಅವನನ್ನು ಬಿಟ್ಟು ನನ್ನನ್ನು ನೋಡಿದರು. ನನಗೇ ಎಂಬಂತೆ ಸ್ಪಷ್ಟವಾಗಿ ಹೇಳಿದರು.

"ತೃಪ್ತಾಃ ಸ್ಮಃ."

ತಿಂಗಳುಗಟ್ಟಲೆ ನನ್ನ ಎದೆಯಲ್ಲಿ ಕೂತಿದ್ದ ಭಾರ ಸಡಿಲವಾಯಿತು. ಉಸಿರು ಪೂರ್ತಿ ಒಳಗೆ ಹೋಯಿತು. ಹಸಿವೂ ಆಯಿತು, ಅಮ್ಮ ಹೋದ ಮೇಲೆ ಮೊದಲ ಸಲ. ಇಷ್ಟು ಬೇಗ ಹಗುರಾದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಅಪ್ಪ ಅವತ್ತು ಹೇಳಿದ ನಾಚಿಕೆ ಯಾವುದೆಂದು ಆಗ ಗೊತ್ತಾಗಿ, ಬಾಗಿಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತೆ.